ಸಮ ನೆಲದಲ್ಲಿ ನಿಂತು ಮಾತಾಡಿ

ಹೋದ ಭಾನುವಾರ ಯಾಲಾಲಿನ ನಮ್ಮ ಓಣಿಯ ಹುಡುಗನೊಬ್ಬ ತನ್ನ ಬಯೋಡೇಟಾ ಹಿಡಿದುಕೊಂಡು ಬಂದ. ಡಿಪ್ಲೊಮಾ ಮುಗಿಸಿದ್ದಾನೆ, ಹೈದರಾಬಾದಿನ ಕಂಪನಿಯೊಂದಕ್ಕೆ ಅರ್ಜಿ ಹಾಕುವವನಿದ್ದ. “ಮುತ್ಯಾ, ಒಂದ್ಸಲ ನೋಡ್ರಿ, ತಪ್ಪಿದ್ರ ತಿದ್ರಿ” ಎಂದು ಕಟ್ಟೆಯ ಮೇಲೆ ಕುಳಿತ. ಕನ್ನಡಕ ಏರಿಸಿ ಓದಿದೆ. ಸ್ಪೆಲ್ಲಿಂಗ್ ಎಲ್ಲ ಸರಿ ಇತ್ತು. ಊರು ಅನ್ನುವ ಕಡೆ ಮಾತ್ರ ಹೈದರಾಬಾದ್ ಎಂದು ಬರೆದಿದ್ದ. ಬಲ್ಲ ಭಾಷೆಗಳು ಅನ್ನುವ ಕಡೆ ಇಂಗ್ಲಿಷ್, ಹಿಂದಿ, ತೆಲುಗು. ಅದೇ ಹೊತ್ತಿಗೆ ಓಣಿಯ ಆ ತುದಿಯಿಂದ ಅವನ ಅವ್ವ ಕೂಗಿದಳು, “ಲೇ, ಊಟಕ್ಕ ಬಾ, ರೊಟ್ಟಿ ಆರತಾವ!” ಅವನೂ ಕೂತಲ್ಲಿಂದಲೇ “ಬಂದ್ನಿ ಬೇ” ಅಂದ.

“ಕನ್ನಡ ಯಾಕ ಬರ್ದಿಲ್ಲ?” ಅಂದೆ.

“ಅದು ಮನ್ಯಾಗ ಮಾತಾಡೋದ್ರಿ ಮುತ್ಯಾ. ಅಲ್ಲಿ ಏನ್ ಕೆಲ್ಸಕ್ಕ ಬರ್ತದ?”

“ಯಾಲಾಲ್ ಯಾಕ ಬರ್ದಿಲ್ಲ?”

ಸುಮ್ಮನಾದ. ಆಮೇಲೆ ನೆಲ ನೋಡುತ್ತ ಹೇಳಿದ: “ಹಳ್ಳಿಯವ ಅಂತ ತಿಳ್ಕೋತಾರ್ರಿ. ಮೊದ್ಲೇ ನನ್ ಮಾತು ಯಾರೂ ಕೇಳಂಗಿಲ್ಲ. ದೊಡ್ಡವ್ರ ಮುಂದ ನಿಂತ್ರ ಬಾಯೇ ಬರಂಗಿಲ್ಲ. ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್ ಒಂದ್ ಮಾಡ್ಬೇಕಂತೀನಿ.”

ಅವನಿಗೆ ಆಗ ಹೇಳಿದ್ದನ್ನೂ ಅವನು ಎದ್ದು ಹೋದ ಮೇಲೆ ಹೊಳೆದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯ ಎಲ್ಲ ಹುಡುಗ ಹುಡುಗಿಯರಿಗೆ ಇದು ಸಲ್ಲುತ್ತದೆ. ಕೋರ್ಸ್ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಮಾತಿಗೆ ತೂಕ ಬರಬೇಕು, ನೀವು ಬಂದು ನಿಂತರೆ ನಾಲ್ಕು ಜನ ಗಮನಿಸಬೇಕು ಅನ್ನುವುದಾದರೆ, ಮೊದಲು ಎಲ್ಲಿ ನಿಂತು ಮಾತಾಡುತ್ತಿದ್ದೀರಿ ಅನ್ನುವುದನ್ನು ನೋಡಿಕೊಳ್ಳಿ.

ನಮ್ಮ ಸೀಮೆಯವರಿಗೆ ಈ ಅಳುಕು ಇವತ್ತಿನದಲ್ಲ. ತಾಂಡೂರು ಮತ್ತು ಕೊಡಂಗಲ್ ಒಂದು ಕಾಲಕ್ಕೆ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯವು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ಹಂಚಿದಾಗ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ನಾವು ಆಂಧ್ರಪ್ರದೇಶಕ್ಕೆ ಬಂದೆವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ನಮ್ಮ ತಾಂಡೂರು ಕಡೆ ವಿಕಾರಾಬಾದ್ ಜಿಲ್ಲೆಯಾಯಿತು. ಬೋರ್ಡುಗಳು ಬದಲಾದವು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಆಚೆ ಕಡೆ ಬೀದರ್, ಕಲಬುರ್ಗಿ, ರಾಯಚೂರಿನ ಮಕ್ಕಳಿಗೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿಯ ಮೀಸಲಾತಿ ಸಿಕ್ಕಿತು. ಹತ್ತು ಹದಿನೈದು ಮೈಲಿ ಈಚೆಗಿದ್ದ ನಮ್ಮ ಮಕ್ಕಳಿಗೆ ಅದಿಲ್ಲ. ಕಲಬುರ್ಗಿಗೆ ಹೋದರೆ ತೆಲುಗಿನವರು, ಹೈದರಾಬಾದಿಗೆ ಹೋದರೆ ಕನ್ನಡದವರು. ಎರಡೂ ಕಡೆ ಬೀಗರ ಮನೆಯಲ್ಲಿ ಕುಳಿತಂತೆ ಅಂಚಿಗೆ ಕುಳಿತು ರೂಢಿಯಾಗಿಬಿಟ್ಟಿದೆ. ಈ ದುಃಖ ನನಗೆ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ, ಊರಿನ ಹೆಸರು ಅಳಿಸಿದರೆ ಅದು ಕಡಿಮೆಯಾಗುವುದಿಲ್ಲ.

ನಮ್ಮ ತೊಗರಿಯನ್ನೇ ನೋಡಿ. ಈ ಕರಿಮಣ್ಣಿನ, ಸುಣ್ಣಕಲ್ಲಿನ ನೆಲದಲ್ಲಿ ಎಷ್ಟೋ ತಲೆಮಾರಿನಿಂದ ಬೆಳೆದ ಕಾಳಿಗೆ 2022ರಲ್ಲಿ ‘ತಾಂಡೂರು ತೊಗರಿ’ ಎಂದೇ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಅದಕ್ಕೂ ಮೂರು ವರ್ಷ ಮೊದಲು ಗಡಿಯ ಆಚೆಯ ಬೇಳೆಗೆ ಗುಲ್ಬರ್ಗಾದ ಹೆಸರಿನಲ್ಲಿ ಬಂದಿತ್ತು. ದೂರದ ಪೇಟೆಯ ವ್ಯಾಪಾರಿ ಬೇಳೆ ಯಾವ ಊರಿನದು ಎಂದು ಕೇಳಿಯೇ ದರ ಹೇಳುತ್ತಾನೆ. ಕಾಳು ತನ್ನ ಊರಿನ ಹೆಸರಿನಿಂದ ಬೆಲೆ ಪಡೆಯುತ್ತಿರುವಾಗ, ಅದನ್ನು ಬೆಳೆದವರ ಮಗ ತನ್ನ ಊರಿನ ಹೆಸರನ್ನು ಅಳಿಸಿ ಕೆಲಸಕ್ಕೆ ಹೋಗುತ್ತಾನೆ. ಆ ಕಾಗದ ಓದುವಾಗ ನನ್ನ ಎದೆಗೆ ಚುಚ್ಚಿದ್ದು ಇದು.

ನನ್ನ ಬದುಕು ಕಳೆದದ್ದು ಆ ತೊಗರಿಯ ನಡುವೆಯೇ. ತಾಂಡೂರಿನ ಅಡತಿ ಅಂಗಡಿಯೊಂದಕ್ಕೆ ಹದಿನೇಳನೆಯ ವಯಸ್ಸಿಗೆ ಸೇರಿದೆ. ಕಸ ಹೊಡೆಯುವುದರಿಂದ ಶುರುವಾಗಿ ಮುನೀಮನಾಗುವ ಹೊತ್ತಿಗೆ ಹನ್ನೆರಡು ವರ್ಷವಾಯಿತು. ಮೊದಲ ವರ್ಷವೆಲ್ಲ ನಾನು ಮಾತಾಡಿದ್ದು “ಹೌದ್ರೀ” ಒಂದೇ. ಮಾಲೀಕರ ಮುಂದೆ, ಖರೀದಿದಾರರ ಮುಂದೆ ನನಗೂ ಬಾಯಿ ಬರುತ್ತಿರಲಿಲ್ಲ. ಬಿಳಿ ಬಟ್ಟೆಯ ಜನ ಕಂಡರೆ ಬೆನ್ನು ತಾನೇ ಬಾಗುತ್ತಿತ್ತು.

ಅಲ್ಲಿ ಒಬ್ಬ ಹಮಾಲ ಮುತ್ಯಾ ಇದ್ದ. ಅಕ್ಷರ ಬಾರದು. ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಒಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಿದ್ದ. ಒಣಗಿದ ಕಾಳು ಕಟ್ ಎಂದು ಎರಡು ಹೋಳಾಗುತ್ತದೆ. ಹಸಿ ಉಳಿದದ್ದು ಹಲ್ಲಿಗೆ ಮೆತ್ತಗೆ ಒತ್ತುತ್ತದೆ, ಸದ್ದು ಬರುವುದಿಲ್ಲ. ಆ ಸದ್ದಿನ ಮೇಲೆ ಅವನು “ಇನ್ನೆರಡು ಬಿಸ್ಲು ಬೇಕ್ರಿ ಸಾವ್ಕಾರ್ರ” ಅನ್ನುತ್ತಿದ್ದ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಖರೀದಿದಾರ ಆ ಮಾತಿಗೆ ಎದುರಾಡುತ್ತಿರಲಿಲ್ಲ. ಮೈಮೇಲೆ ಹರಿದ ಬನಿಯನ್ನು, ತಲೆಗೆ ಗೋಣಿತಟ್ಟು. ಆದರೂ ಸೌದಾ ಅವನ ಹಲ್ಲಿನ ಮೇಲೆ ನಿಲ್ಲುತ್ತಿತ್ತು. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಯಾರ ಕಾಲಿಗೂ ಬಿದ್ದದ್ದನ್ನು ನೋಡಲಿಲ್ಲ.

ನಾನು ಮಧ್ಯಾಹ್ನದ ರೊಟ್ಟಿ ಅವನ ಜೊತೆ ತಿನ್ನತೊಡಗಿದೆ. ಕಾಳು ಕಚ್ಚುವುದನ್ನು ಕಲಿಯಲು ಎರಡು ಸುಗ್ಗಿ ಬೇಕಾದವು. ಕಲ್ಲು, ಮಣ್ಣು, ಹುಳ ಹಿಡಿದದ್ದು, ಮಳೆಗೆ ಸಿಕ್ಕಿ ಬಣ್ಣಗೆಟ್ಟದ್ದು ಎಲ್ಲ ಬೇರೆ ಬೇರೆ ಗುರುತು ಹಿಡಿಯಲು ಇನ್ನೊಂದು ಸುಗ್ಗಿ. ಮೂರನೆಯ ವರ್ಷ ಒಂದು ದಿನ ಮಾಲೀಕರು ಖರೀದಿದಾರನಿಗೆ ಮಾಲು ತೋರಿಸುತ್ತಿದ್ದಾಗ ನನಗೇ ತಿಳಿಯದೆ ಬಾಯಿಬಿಟ್ಟೆ: “ಇದು ಒಂದೇ ಹೊಲದ ಮಾಲು ಅಲ್ರೀ, ಎರಡು ಕೂಡ್ಸ್ಯಾರ.” ಚೀಲ ಸುರಿದು ನೋಡಿದರು, ಹೌದಾಗಿತ್ತು. ಅವತ್ತಿನಿಂದ ನನ್ನ ಬೆನ್ನು ನೆಟ್ಟಗಾಯಿತು. ಅದಕ್ಕೆ ನಾನು ಬೇರೆ ಯಾವ ಅಭ್ಯಾಸವನ್ನೂ ಮಾಡಿರಲಿಲ್ಲ. ಬಾಯಿ ಬರಲಿಲ್ಲ ಎಂದು ನಾವು ಅಳುವುದು ಹೆಚ್ಚಿನ ಸಲ ಬಾಯಿಯ ದೋಷವಲ್ಲ ಮಕ್ಕಳೇ. ಕೈಗೆ ಗೊತ್ತಿಲ್ಲದ್ದನ್ನು ಬಾಯಿ ಹೇಳಲು ಹೋದಾಗ ಅದು ತೊದಲುತ್ತದೆ.

ನಿಮ್ಮ ಕೆಲಸ ತೊಗರಿಯದ್ದಲ್ಲ, ಕಂಪ್ಯೂಟರಿನದ್ದಿರಬಹುದು, ಆಸ್ಪತ್ರೆಯದ್ದಿರಬಹುದು, ಪರ್ಸಿ ಕಲ್ಲು ಪಾಲಿಶ್ ಮಾಡುವ ಯಂತ್ರದ್ದಿರಬಹುದು. ಅದರಲ್ಲಿ ಕಚ್ಚಿ ನೋಡುವ ಕಾಳು ಯಾವುದು ಎಂದು ಹುಡುಕಿ. ಪ್ರತಿ ಕೆಲಸದಲ್ಲೂ ಅಂಥದ್ದೊಂದು ಇರುತ್ತದೆ. ಉಳಿದವರು ಮೇಲುಮೇಲೆ ನೋಡಿ ಬಿಡುತ್ತಾರೆ, ಒಬ್ಬರೇ ಒಬ್ಬರು ಒಳಗಿನವರೆಗೆ ನೋಡಿರುತ್ತಾರೆ. ಆಮೇಲೆ ಎಲ್ಲರೂ ಅವರನ್ನು ಕೇಳಿಕೊಂಡು ಬರುತ್ತಾರೆ.

ಜಹೀರಾಬಾದ್ ಕಡೆಯ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದಕ್ಕಿಂತ ದೊಡ್ಡ ಪಾಠ ನಮ್ಮ ಸೀಮೆಯಲ್ಲಿ ನನಗೆ ಕಾಣಲಿಲ್ಲ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಪಿ.ವಿ. ಸತೀಶ್ ಎಂಬವರು ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದರು. ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಮುಟ್ಟಿಸಿದ 1975–76ರ ಸೈಟ್ ಪ್ರಯೋಗದಲ್ಲಿ ದುಡಿದವರು. ನಗರದಲ್ಲಿ ಹೆಸರು, ಸಂಬಳ ಎಲ್ಲ ಇದ್ದ ಮನುಷ್ಯ 1983ರಲ್ಲಿ ಗೆಳೆಯರ ಜೊತೆ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಪಸ್ತಾಪುರದಲ್ಲಿ ಅದರ ಕೇಂದ್ರ. 2023ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಈ ಸೀಮೆಯ ನಂಟನ್ನು ಬಿಡಲಿಲ್ಲ. ಅವರು ಯಾರ ಜೊತೆ ಕೆಲಸ ಮಾಡಿದರು ಗೊತ್ತೇ? ಬಡ ದಲಿತ ಹೆಣ್ಣುಮಕ್ಕಳ ಜೊತೆ. ಒಂದೆರಡು ಎಕರೆ ಬರಡು ಭೂಮಿ, ಜೋಳ, ನವಣೆ, ಸಜ್ಜೆ ಬಿತ್ತಿ ಬದುಕುವವರು. ಊರ ಗೌಡರ ಮುಂದೆ ತಲೆ ಎತ್ತದವರು.

ಆ ಹೆಣ್ಣುಮಕ್ಕಳು ಊರೂರಿಗೆ ಸಂಘ ಕಟ್ಟಿದರು, ಬೀಜ ಕೂಡಿಟ್ಟರು. ಆಮೇಲೆ ಅವರಲ್ಲಿ ಕೆಲವರು ವಿಡಿಯೋ ಕ್ಯಾಮೆರಾ ಹಿಡಿದರು. ಓದು ಬರಹ ಬಾರದವರು ಕ್ಯಾಮೆರಾದ ಗುಂಡಿಗಳನ್ನು ಗುರುತಿನಿಂದ ಕಲಿತರು. ಶಾಟ್‌ಗಳಿಗೆ ಪುಸ್ತಕದ ಹೆಸರು ನೆನಪಿರುವುದಿಲ್ಲವೆಂದು ತಮ್ಮದೇ ಹೆಸರು ಇಟ್ಟುಕೊಂಡರು. ಮೇಲಿಂದ ಕೆಳಗೆ ನೋಡಿ ತೆಗೆದರೆ ಅದು ಪಟೇಲನ ಶಾಟ್, ಯಾಕೆಂದರೆ ಪಟೇಲ ನಮ್ಮನ್ನು ನೋಡುವುದೇ ಹಾಗೆ. ಕೆಳಗಿಂದ ಮೇಲಕ್ಕೆ ನೋಡಿ ತೆಗೆದರೆ ಜೀತದಾಳಿನ ಶಾಟ್. ಎದುರಿನವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದು ತೆಗೆದರೆ ಸಂಘದ ಶಾಟ್, ಸಂಘದಲ್ಲಿ ಎಲ್ಲರೂ ಸಮ ಕೂರುವುದರಿಂದ.

ಇದನ್ನು ಮೊದಲ ಸಲ ಕೇಳಿದಾಗ ನಾನು ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಇಡೀ ಬದುಕನ್ನು ಆ ಅವ್ವಂದಿರು ಮೂರು ಶಾಟಿನಲ್ಲಿ ಹೇಳಿಬಿಟ್ಟಿದ್ದರು. ಅಂಗಡಿ ಸೇರಿದಾಗ ಎಲ್ಲರನ್ನೂ ಕೆಳಗಿಂದ ನೋಡಿದೆ. ಮುನೀಮನಾದ ಮೇಲೆ ಕೆಲವು ಕಾಲ, ನಾಚಿಕೆಯಿಂದಲೇ ಹೇಳುತ್ತೇನೆ, ಹಳ್ಳಿಯಿಂದ ಬಂದ ರೈತನನ್ನು ಮೇಲಿಂದ ನೋಡಿದೆ. ಎರಡೂ ಹೊತ್ತಿನಲ್ಲಿ ನನ್ನ ಮಾತಿಗೆ ತೂಕ ಇರಲಿಲ್ಲ. ಮೊದಲನೆಯದರಲ್ಲಿ ಯಾರೂ ಕೇಳಲಿಲ್ಲ, ಎರಡನೆಯದರಲ್ಲಿ ಹೆದರಿ ಕೇಳಿದರು. ಹೆದರಿ ಕೇಳಿದ ಮಾತು ನಾವು ಕುರ್ಚಿ ಬಿಟ್ಟ ದಿನವೇ ಮರೆತುಹೋಗುತ್ತದೆ.

ಆ ಹೆಣ್ಣುಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ. ಬಿಟಿ ಹತ್ತಿ ಬಿತ್ತಿದ ವಾರಂಗಲ್ ರೈತರ ಹೊಲಗಳಿಗೆ ಮತ್ತೆ ಮತ್ತೆ ಹೋಗಿ, ಬಿತ್ತನೆಯಿಂದ ಹಿಡಿದು ಕಂಡದ್ದನ್ನು ಕಂಡಂತೆ ಚಿತ್ರ ಮಾಡಿದರು. ತಮ್ಮ ದನಿ ತಮ್ಮದೇ ರೇಡಿಯೋದಲ್ಲಿ ಬರಬೇಕೆಂದು ಮಾಚನೂರಿನಲ್ಲಿ 1998ರ ಹೊತ್ತಿಗೇ ಸ್ಟುಡಿಯೋ ಸಜ್ಜು ಮಾಡಿಕೊಂಡಿದ್ದರು. ಆದರೆ ಹಳ್ಳಿಯ ಜನರಿಗೆ ರೇಡಿಯೋ ನಡೆಸಲು ಆಗ ಪರವಾನಗಿ ಇರಲಿಲ್ಲ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಸರ್ಕಾರದ ನೀತಿ ಬಂದದ್ದು 2006ರಲ್ಲಿ. ಪರವಾನಗಿ ಕೈಗೆ ಬರುವವರೆಗೆ ಸುಮ್ಮನೆ ಕೂರದೆ ಕಾರ್ಯಕ್ರಮ ಮಾಡಿ, ಕ್ಯಾಸೆಟ್ಟಿನಲ್ಲಿ ತುಂಬಿ, ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. ಹತ್ತು ವರ್ಷ! 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಶುರುವಾಯಿತು. ಉದ್ಘಾಟಿಸಿದವರು ಆ 1995ರ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ನಡೆಸಿದವರು ಅಲ್ಗೋಲ್ ನರಸಮ್ಮ ಮತ್ತು ‘ಜನರಲ್’ ನರಸಮ್ಮ ಎಂಬ ಇಬ್ಬರು ದಲಿತ ಹೆಣ್ಣುಮಕ್ಕಳು. 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ನಾನು ಹಿಡಿದಿಟ್ಟುಕೊಂಡದ್ದು ಪ್ರಶಸ್ತಿಯನ್ನಲ್ಲ, ಆ ಹತ್ತು ವರ್ಷವನ್ನು. ಕೇಳುವವರು ಯಾರು ಎಂದು ಗೊತ್ತಿಲ್ಲದಾಗಲೂ ದನಿ ತಿದ್ದಿಕೊಂಡರು, ಕೆಲಸ ಹದಗೊಳಿಸಿಕೊಂಡರು. ಪರವಾನಗಿ ಬಂದ ದಿನ ಅವರಿಗೆ ಹೊಸದಾಗಿ ಕಲಿಯುವುದು ಏನೂ ಉಳಿದಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಹೇಳುವುದು ಇದಕ್ಕೆ ತಿರುಗುಮುರುಗು: ಮೊದಲು ಅವಕಾಶ ಸಿಗಲಿ, ಆಮೇಲೆ ಕಲಿಯುತ್ತೇನೆ. ಇನ್ನೊಂದು ಮಾತು, ರೇಡಿಯೋದಲ್ಲಿ ಅವರು ಮಾತಾಡಿದ್ದು ತಮ್ಮ ಹಳ್ಳಿಯ ತೆಲುಗಿನಲ್ಲಿ, ಪಟ್ಟಣದ ತೆಲುಗನ್ನು ಸಾಲ ತರಲಿಲ್ಲ.

ಭಾಷೆಯ ಮಾತಿಗೆ ಬಂದೆ. ಯಾಲಾಲಿನ ಮಗ್ಗುಲಲ್ಲಿ ಹರಿಯುವ ಕಾಗ್ನಾ ನದಿಯೇ ಗಡಿ ದಾಟಿದ ಮೇಲೆ ಕಾಗಿಣಾ. ಸೇಡಂ ಸೀಮೆಯ ಮಳಖೇಡದ ಕೋಟೆಯ ಬುಡ ತೊಳೆದು ಮುಂದೆ ಭೀಮೆಗೆ ಸೇರುತ್ತದೆ. ಆ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಈ ನಾಡಿನ ಜನ ಓದದೆಯೂ ಹದವರಿತು ಮಾತಾಡಬಲ್ಲವರು ಎಂದು ಮೆಚ್ಚಿಕೊಂಡಿದೆ. ಹರಿದ ಬನಿಯನ್ನಿನ ಆ ಹಮಾಲ ಮುತ್ಯಾನ ಮಾತು ನೆನಪಾದಾಗೆಲ್ಲ ನನಗೆ ಆ ಹೊಗಳಿಕೆ ನಿಜ ಅನ್ನಿಸುತ್ತದೆ. ನಮ್ಮ ನೀರು ಕುಡಿದ ನದಿಯ ದಂಡೆಯ ಮೇಲೆ ಬರೆದ ಮಾತು ಅದು. ಅಂಥ ಭಾಷೆಯನ್ನು ನಮ್ಮ ಹುಡುಗ ‘ಮನ್ಯಾಗ ಮಾತಾಡೋದು’ ಎಂದು ಪಟ್ಟಿಯಿಂದ ಬಿಟ್ಟಿದ್ದ.

ಕೆಲಸದ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಸೇಡಂ ಕಡೆಯ ರೈತ ಕನ್ನಡದಲ್ಲಿ, ಪೆದ್ದೇಮುಲ್ ಕಡೆಯವ ತೆಲುಗಿನಲ್ಲಿ, ಲಾರಿಯವ ದಖನಿ ಉರ್ದುವಿನಲ್ಲಿ, ಲಾತೂರಿನ ಬೇಳೆ ಮಿಲ್ಲಿನವರು ಮರಾಠಿಯಲ್ಲಿ ಮಾತಾಡುತ್ತಿದ್ದರು. ನಾನು ಓದಿದ ಪುಸ್ತಕ ಕಡಿಮೆ, ಕಲಿತ ಶಾಲೆ ಏಳನೆಯವರೆಗೆ. ಆದರೆ ನಾಲ್ವರಿಗೂ ಅವರವರ ಮಾತಿನಲ್ಲೇ ಜವಾಬು ಕೊಡುತ್ತಿದ್ದೆ. ತನ್ನ ಮಾತಿನಲ್ಲಿ ಜವಾಬು ಸಿಕ್ಕ ಮನುಷ್ಯನ ಮುಖ ಸಡಿಲಾಗುತ್ತದೆ, ಅವನು ನಿಜವಾದ ದರ ಹೇಳುತ್ತಾನೆ. ಗಡಿಯಲ್ಲಿ ಹುಟ್ಟಿದ ನಿಮಗೆ ಈ ಭಾಷೆಗಳು ಓಣಿಯಲ್ಲೇ ಬಿದ್ದು ಸಿಕ್ಕಿವೆ. ಇಂಗ್ಲಿಷನ್ನೂ ಚೆನ್ನಾಗಿ ಕಲಿಯಿರಿ, ಅದಿಲ್ಲದೆ ನಾನು ಸೋತ ಕಡೆಗಳು ಬಹಳ ಇವೆ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಮುಚ್ಚಿಡಬೇಡಿ. ಕನ್ನಡವನ್ನು ಬರೆಯಲೂ ಕಲಿಯಿರಿ. ದಿನಕ್ಕೆ ಒಂದು ಪುಟ ಜೋರಾಗಿ ಓದಿದರೆ ದನಿಯೂ ತಿದ್ದುತ್ತದೆ, ಉಸಿರೂ ಹಿಡಿತಕ್ಕೆ ಬರುತ್ತದೆ.

ಬಟ್ಟೆ, ನಿಲುವು, ಕೈಕುಲುಕುವುದು, ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬಟ್ಟೆ ಹಳೆಯದಾಗಿದ್ದರೂ ಒಗೆದದ್ದಾಗಿರಲಿ, ಅಷ್ಟು ಸಾಕು. ನಾನು ಒತ್ತಿ ಹೇಳುವುದು ಬೇರೆ. ಗೊತ್ತಿಲ್ಲದ್ದನ್ನು “ಗೊತ್ತಿಲ್ರೀ, ಕೇಳ್ಕೊಂಡು ನಾಳೆ ಹತ್ತಕ್ಕ ಹೇಳ್ತೀನಿ” ಅನ್ನಿ, ನಾಳೆ ಹತ್ತಕ್ಕೆ ಹೇಳಿ. ಹತ್ತೂಕಾಲಿಗೆ ಹೇಳಿದರೆ ಅದು ಬೇರೆ ಮಾತಾಯಿತು. ಜೊತೆಯವನು ಮಾಡಿದ ಕೆಲಸವನ್ನು ಹಿರಿಯರ ಮುಂದೆ ಅವನ ಹೆಸರು ಹಿಡಿದು ಹೇಳಿ. ಚಹಾ ತರುವ ಹುಡುಗನನ್ನು ಮತ್ತು ಮ್ಯಾನೇಜರನ್ನು ಒಂದೇ ದನಿಯಲ್ಲಿ ಮಾತಾಡಿಸಿ. ಅದು ಕಷ್ಟ. ತಿಂಗಳುಗಟ್ಟಲೆ ಗಮನ ಇಟ್ಟರೆ ಮಾತ್ರ ಬರುತ್ತದೆ. ಆ ಅವ್ವಂದಿರು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ಹಿಡಿದದ್ದು ಇದೇ ಅಭ್ಯಾಸ.

ತಪ್ಪಾದಾಗ ಏನು ಮಾಡಬೇಕು ಅನ್ನುವುದನ್ನು ನಾನು ತಡವಾಗಿ ಕಲಿತೆ. ಒಂದು ಸುಗ್ಗಿಯಲ್ಲಿ ಬಶೀರಾಬಾದ್ ಕಡೆಯ ರೈತರೊಬ್ಬರ ಚೀಟಿಯಲ್ಲಿ ಹನ್ನೊಂದು ಚೀಲದ ಬದಲು ಹತ್ತು ಎಂದು ಬರೆದೆ. ಅವರು ನಂಬಿ ಹಣ ತೆಗೆದುಕೊಂಡು ಹೋದರು. ರಾತ್ರಿ ಕಿರ್ದಿ ಕೂಡಿಸುವಾಗ ಗೊತ್ತಾಯಿತು. ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಮಾಲೀಕರು ಏನೆನ್ನುತ್ತಾರೋ ಎಂದು ಎರಡು ದಿನ ಬಾಯಿ ಮುಚ್ಚಿಕೊಂಡೆ. ಮೂರನೆಯ ದಿನ ನಿದ್ದೆ ಬರದೆ ಎಲ್ಲ ಹೇಳಿ, ಹಣ ತೆಗೆದುಕೊಂಡು ಅವರ ಊರಿಗೆ ಹೋದೆ. ಅವರು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು, ಒಂದು ಬಿರುಸು ಮಾತೂ ಆಡಲಿಲ್ಲ. ಆದರೆ ಮರುವರ್ಷ ಅವರ ಗಾಡಿ ನಮ್ಮ ಅಂಗಡಿಗೆ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಆ ಎರಡು ದಿನಗಳನ್ನು ನಾನು ಯಾವ ಕೆಲಸದಿಂದಲೂ ತಿರುಗಿ ಕೊಳ್ಳಲಾಗಲಿಲ್ಲ. ನಿಮಗೆ ತಪ್ಪು ಕಂಡ ಗಳಿಗೆಯಲ್ಲೇ ಹೇಳಿಬಿಡಿ. ಬೈಗುಳ ಒಂದು ದಿನದ್ದು.

ಆ ಹುಡುಗ ಊಟ ಮುಗಿಸಿ ಸಂಜೆ ಮತ್ತೆ ಬಂದ. ಇಬ್ಬರೂ ಕೂತು ಕಾಗದ ಹೊಸದಾಗಿ ಬರೆದೆವು. ಊರು ಯಾಲಾಲ್, ತಾಂಡೂರು ಹತ್ತಿರ. ಭಾಷೆಗಳು ಕನ್ನಡ, ತೆಲುಗು, ಉರ್ದು, ಹಿಂದಿ, ಇಂಗ್ಲಿಷ್. ಕಾಲೇಜಿನ ಪ್ರಾಜೆಕ್ಟಿನಲ್ಲಿ ತಾನೇ ಕೈಯಾರೆ ಏನು ಮಾಡಿದ್ದ ಅನ್ನುವುದನ್ನು ನನಗೆ ಅರ್ಥವಾಗುವ ಹಾಗೆ ಹೇಳು ಅಂದೆ. ಮೊದಲ ಸಲ ತೊದಲಿದ, ಮೂರನೆಯ ಸಲಕ್ಕೆ ನನ್ನ ಕಣ್ಣು ನೋಡಿ ಹೇಳಿದ. ಗುರುವಾರ ಬೆಳಗಿನ ರೈಲಿಗೆ ಹೋಗುತ್ತಾನೆ. ನಿಮ್ಮಲ್ಲಿ ಯಾರಿಗಾದರೂ ಅರ್ಜಿ ಬರೆಯುವುದಿದ್ದರೆ, ಇಲ್ಲವೇ ಸುಮ್ಮನೆ ಯಾರ ಮುಂದಾದರೂ ಮಾತಾಡಿ ರೂಢಿ ಮಾಡಿಕೊಳ್ಳುವುದಿದ್ದರೆ, ಭಾನುವಾರ ಹೊತ್ತೇರುವ ಮೊದಲು ನಮ್ಮ ಕಟ್ಟೆಗೆ ಬನ್ನಿ. ಕಾಗದ, ಪೆನ್ನು ನನ್ನ ಹತ್ತಿರ ಇವೆ.